ತಿಮ್ಮಮ್ಮನ ಉಗುರು

ಸತ್ತವರು ಊಟಕ್ಕೆ ಬರುವುದು ಕಟ್ಟೇಕೊಪ್ಪಲಿನಲ್ಲಿ ಹೊಸ ವಿಷಯವೇನಲ್ಲ. ವರ್ಷಕ್ಕೊಮ್ಮೆ, ಪಿತೃಪಕ್ಷದ ಹದಿನೈದು ದಿನಗಳಲ್ಲಿ, ಮನೆಮನೆಗೂ ಬರುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಿ ಆ ಎಡೆಯನ್ನು ತಾವೇ ಉಣ್ಣುತ್ತಾರೆ. ಹಿರಿಯರು ಬಂದು ತಿಂದು ಹೋದರೆಂದು ಎಲ್ಲರೂ ನಂಬುತ್ತಾರೆ. ಆದರೆ ಎಲೆಯ ಮೇಲಿನ ಒಂದು ಅಗುಳೂ ಕಡಿಮೆಯಾಗಿರುವುದಿಲ್ಲ. ಸತ್ತವರ ಈ ದೊಡ್ಡ ಮನಸ್ಸಿನಿಂದಲೇ ಬದುಕಿದವರಿಗೆ ಮಟನ್ ಸಾರು ಉಳಿಯುವುದು. ತಲೆತಲಾಂತರದಿಂದ ಎರಡು ಕಡೆಯವರೂ ಸಮಾಧಾನವಾಗಿ ನಡೆಸಿಕೊಂಡು ಬಂದಿದ್ದ ಈ ವ್ಯವಹಾರವನ್ನು ಕೆಡಿಸಿದ ಕೀರ್ತಿ ವಾಟರ್‌ಮ್ಯಾನ್ ಚಲುವರಾಜುವಿಗೆ ಸಲ್ಲಬೇಕು.

ಚಲುವರಾಜು ಕೆಟ್ಟವನಲ್ಲ. ನಲವತ್ತೆಂಟು ವರ್ಷ, ಸ್ವಲ್ಪ ಹೊಟ್ಟೆ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ನು. ಪಂಚಾಯಿತಿ ಟ್ಯಾಂಕಿನಿಂದ ಊರಿಗೆ ನೀರು ಬಿಡುವುದು ಅವನ ಕೆಲಸ. ಒಂದು ದಿನ ಮೇಗಲಕೇರಿಗೆ, ಒಂದು ದಿನ ಕೆಳಗಲಕೇರಿಗೆ ಎಂಬ ನಿಯಮ ಅವನ ತಲೆಯಲ್ಲಿ ಎಂದೂ ನೆಟ್ಟಗೆ ಕೂತದ್ದಿಲ್ಲ. ಯಾವ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಮನೆ ಮುಂದೆ ಬಂದು ಬೈಯುತ್ತಾರೋ ಆ ಕೇರಿಯ ಸರದಿ ಇವತ್ತು ಎಂದು ಅವನು ತಿಳಿದುಕೊಳ್ಳುತ್ತಿದ್ದ. ಪಾಂಡವಪುರ ತಾಲ್ಲೂಕಿನಲ್ಲಿ, ತುಂಬಿದ ತೊಣ್ಣೂರು ಕೆರೆಯಿಂದ ಮೂರೇ ಮೈಲಿ ದೂರದಲ್ಲಿ ಕೂತು ಜನ ಕೊಡ ಹಿಡಿದು ಜಗಳವಾಡುತ್ತಿದ್ದರೆಂದರೆ ಅದಕ್ಕೆ ಚಲುವರಾಜುವಿನ ಮರೆವೇ ಕಾರಣ.

ಇಂಥವನ ಎದೆಯಲ್ಲೂ ಒಂದು ಮುಳ್ಳು ಮುರಿದುಕೊಂಡಿತ್ತು. ಒಂದೂವರೆ ವರ್ಷದ ಹಿಂದೆ ಅವನ ತಾಯಿ ತಿಮ್ಮಮ್ಮ ತೀರಿಕೊಂಡಿದ್ದಳು. ಸೊಂಟ ಮುರಿದ ಮೇಲೆ ಅವಳು ನಡೆದದ್ದಿಲ್ಲ; ಎರಡು ಕೈಯನ್ನೂ ನೆಲಕ್ಕೆ ಊರಿ, ಕೂತಲ್ಲಿಂದಲೇ ಸರ್ರ್ ಎಂದು ಮೈಯನ್ನು ಎಳೆದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಮಾಘ ಮಾಸದ ಒಂದು ಮಧ್ಯಾಹ್ನ, ಹೆಂಡತಿ ಪುಟ್ಟಲಕ್ಷ್ಮಮ್ಮ ಹೊಣಕೆರೆಯ ತವರಿಗೆ ಹೋಗಿದ್ದಾಗ, ಕೆಳಗಲಕೇರಿಯ ವಾಲ್ವು ಕಚ್ಚಿಕೊಂಡಿತು. ಚಲುವರಾಜು ಎರಡು ಗಂಟೆ ಅದರ ಜೊತೆ ಗುದ್ದಾಡಿ, ನೀರು ಬಿಟ್ಟು ಮನೆಗೆ ಬಂದಾಗ ಅವ್ವನ ಉಸಿರು ನಿಂತಿತ್ತು. ಅವಳ ಹಿತ್ತಾಳೆ ಚೊಂಬು ಕೈಗೆ ಎಟುಕದಷ್ಟು ದೂರದಲ್ಲಿ ಉರುಳಿತ್ತು. ಚೆಲ್ಲಿದ ನೀರು ಆಗಲೇ ಒಣಗಿಹೋಗಿತ್ತು.

ಹೊಸಹೊಳಲಿನಿಂದ ಓಡಿಬಂದ ಅಕ್ಕ ಸಿದ್ದಲಿಂಗಮ್ಮ ಹೆಣದ ಮುಂದೆಯೇ ಎದೆ ಬಡಿದುಕೊಂಡಳು. “ಊರ್ಗೆಲ್ಲ ನೀರ್ ಬುಟ್ಟೋನು ಎತ್ತವ್ವನ್ ಬಾಯ್ಗೆ ಒಂದ್ ಗುಟ್ಕು ನೀರ್ ಬುಡ್ಲಿಲ್ವಲ್ಲೋ ಪಾಪಿ!”

ಅಂದಿನಿಂದ ಅವಳು ತಮ್ಮನ ಹೊಸಿಲು ತುಳಿದಿರಲಿಲ್ಲ. ಅವ್ವ ತನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಅದೊಂದು ತಿಳಿದರೆ ಸಾಕಾಗಿತ್ತು ಚಲುವರಾಜುವಿಗೆ.

ಈ ಕಥೆಗೆ ಬೇಕಾದ ಇನ್ನೊಂದು ಜೀವ ಬಚ್ಚಲು ಮನೆಯ ಪಕ್ಕದ ನೀಲಿ ಟಬ್ಬಿನಲ್ಲಿತ್ತು. ಶ್ರೀರಂಗಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದ ಮಗಳು ಅಂಜು ಮೈಸೂರಿನ ಅಂಗಡಿಯೊಂದರಿಂದ ತಂದು ಬಿಟ್ಟುಹೋಗಿದ್ದ ಆಮೆ ಅದು. ಊಟದ ತಟ್ಟೆಯಷ್ಟು ಅಗಲ, ಕಿವಿಯ ಹತ್ತಿರ ಕುಂಕುಮ ಎಳೆದಂತೆ ಒಂದು ಕೆಂಪು ಗೀಟು, ಹೆಸರು ಗುಂಡ. ಅದು ಬಂದ ದಿನವೇ ಊರಿನ ಹಿರಿಯ ಕುಳ್ಳಯ್ಯ ಎಚ್ಚರಿಸಿದ್ದ. ಹುಟ್ಟು, ಸಾವು, ಶಕುನ, ದೆವ್ವ ಈ ನಾಲ್ಕು ಇಲಾಖೆಗಳೂ ಊರಿನಲ್ಲಿ ಕುಳ್ಳಯ್ಯನ ವಶದಲ್ಲಿದ್ದವು.

“ಆಮೆ ಒಕ್ಕಿದ್ ಮನೆ ಏಳ್ಗೆ ಆಗಕಿಲ್ಲ ಕಣ್ಲಾ ಚಲುವ. ತಕ್ಕಂಡೋಗಿ ಕೆರೆಗ್ ಬುಡು.”

“ಅದು ನಮ್ ಕೆರೆ ಆಮೆಗೆ, ಮಾವ. ಇದು ಫಾರಿನ್ ಆಮೆ, ಇದ್ರ ಕಾನೂನೇ ಬ್ಯಾರೆ” ಎಂದಿದ್ದ ಚಲುವರಾಜು. ಮನೆಯಲ್ಲಿ ಫಾರಿನ್ ಪದಾರ್ಥ ಅಂತ ಇದ್ದದ್ದು ಅದೊಂದೇ.

ತಿಮ್ಮಮ್ಮ ಸತ್ತು ವರ್ಷ ತುಂಬಿರದ ಕಾರಣ ಹೋದ ಪಕ್ಷದಲ್ಲಿ ಅವಳಿಗೆ ಎಡೆ ಇಟ್ಟಿರಲಿಲ್ಲ. ಇದೇ ಮೊದಲನೆಯದು. ಮೊದಲನೇ ಎಡೆಗೆ ನೆಲದ ಮೇಲೆ ಜರಡಿ ಹಿಡಿದ ಬೂದಿ ಹರಡಬೇಕು, ಬಂದವರ ಹೆಜ್ಜೆ ಅದರಲ್ಲಿ ಮೂಡುತ್ತದೆ ಎಂದು ಕುಳ್ಳಯ್ಯ ಹೇಳಿದ. ಜಗಲಿಗೇ ಬಾಗಿಲಿದ್ದ, ತಿಮ್ಮಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಬೂದಿ ಹರಡಿದರು. ಮಟನ್ ಸಾರು, ಮುದ್ದೆ, ಕಜ್ಜಾಯ, ಎಲೆ ಅಡಿಕೆ, ಹಸಿರು ಸೀರೆ, ಅವಳದೇ ಹಿತ್ತಾಳೆ ಚೊಂಬಿನಲ್ಲಿ ನೀರು. ಬಾಗಿಲು ಮುಚ್ಚಿತು. ಜಗಲಿಯ ಮೇಲೆ ಚಲುವರಾಜು, ಪುಟ್ಟಲಕ್ಷ್ಮಮ್ಮ, ಕುಳ್ಳಯ್ಯ, ಜೊತೆಗೆ ಪಕ್ಕದ ಮನೆಯ ಚಿಕ್ಕಬೋರಮ್ಮ ಕೂತರು. ಚಿಕ್ಕಬೋರಮ್ಮನೂ ತಿಮ್ಮಮ್ಮನೂ ನಲವತ್ತು ವರ್ಷ ಬೇಲಿಯ ಎರಡು ಕಡೆ ನಿಂತು ಬೈದಾಡಿಕೊಂಡವರು. ಅಷ್ಟು ವರ್ಷದ ಸಂಬಂಧವಾದ್ದರಿಂದ ಬರದೇ ಇರಲು ಅವಳಿಗೆ ಮನಸ್ಸಾಗಿರಲಿಲ್ಲ.

ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಶಬ್ದ ಬಂತು. ಸರ್ರ್. ಸ್ವಲ್ಪ ನಿಂತು ಮತ್ತೆ, ಸರ್ರ್.

ಪುಟ್ಟಲಕ್ಷ್ಮಮ್ಮ ಗಂಡನ ಮೊಣಕೈ ಹಿಡಿದುಕೊಂಡಳು. ಅತ್ತೆ ನೆಲದ ಮೇಲೆ ಎಳೆದುಕೊಂಡು ಬರುವ ಆ ಶಬ್ದವನ್ನು ಒಂದು ವರ್ಷ ಕೇಳಿದವಳು ಅವಳು. ಕುಳ್ಳಯ್ಯ ಮೂರು ಸಲ ಕೆಮ್ಮಿದ. ಮೂರನೆಯದು ನಿಜವಾದ ಕೆಮ್ಮೇ ಆಗಿತ್ತು.

ಬಾಗಿಲು ತೆಗೆದರು. ಎಲೆಯ ಮೇಲಿದ್ದ ಮಟನ್ ತುಂಡುಗಳು ಮಾಯವಾಗಿದ್ದವು. ಮುದ್ದೆಯ ಒಂದು ಮಗ್ಗುಲು ಕಿತ್ತಿತ್ತು. ಬೂದಿಯ ಮೇಲೆ ಮಂಚದ ಕಡೆಯಿಂದ ಎಲೆಯವರೆಗೆ ಒಂದು ಜಾಡು: ನಡುವೆ ಮೈ ಎಳೆದ ಗೆರೆ, ಅದರ ಎರಡು ಪಕ್ಕಕ್ಕೂ ಊರಿದ ಕೈಗಳ ಗುರುತು, ಬೆರಳುಬೆರಳೂ ಬೇರೆಬೇರೆಯಾಗಿ.

“ಅವ್ವಾ” ಎಂದ ಚಲುವರಾಜು.

“ಕೈ ಬಲ್ ಸಣ್ಣಕವೆಯಲ್ಲ ಮಾವ” ಎಂದಳು ಪುಟ್ಟಲಕ್ಷ್ಮಮ್ಮ ಮೆಲ್ಲಗೆ.

“ಸತ್ತೋರು ಸಣ್ಣಗಾಯ್ತಾರೆ ಕಣವ್ವ. ಅಲ್ಲೇನ್ ಕಮ್ಮಿ ಜನವಾ? ಜಾಗ ಸಾಲ್ಬೇಕಲ್ಲ” ಎಂದ ಕುಳ್ಳಯ್ಯ.

ಎಲೆಯ ಪಕ್ಕದಲ್ಲಿ ಇನ್ನೊಂದು ವಸ್ತು ಬಿದ್ದಿತ್ತು. ಹುಣಿಸೆ ಎಲೆಯಷ್ಟು ತೆಳ್ಳಗೆ, ಹಳದಿಗೆ ತಿರುಗಿದ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥದ್ದು. ಒಳಗೆ ಒಂದರೊಳಗೊಂದು ಸುತ್ತುಗಳು. ಕುಳ್ಳಯ್ಯ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿ ತೀರ್ಪು ಕೊಟ್ಟ: “ಉಗುರು. ಕಾಲೆಬ್ಬೆಟ್ಟಿಂದು.”

“ಇಷ್ಟು ದೊಡ್ದಾ?”

“ಸತ್ ಮ್ಯಾಲೂ ಉಗುರು ಬೆಳೀತಾನೇ ಇರ್ತದೆ ಕಣ್ಲಾ. ಒಂದೂವರೆ ವರ್ಸ ಆಯ್ತಲ್ಲ, ಅಲ್ ಕತ್ರಿಸೋರ್ ಯಾರವ್ರೆ?”

ಮೈ ಸಣ್ಣದಾಗಿ ಉಗುರು ದೊಡ್ಡದಾಗುವುದು ಹೇಗೆಂದು ಕೇಳುವಷ್ಟು ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಸಂಜೆ ಕಸ ಗುಡಿಸುವಾಗ ಪುಟ್ಟಲಕ್ಷ್ಮಮ್ಮನಿಗೆ ಅದೇ ಕೋಣೆಯ ಮಂಚದ ಕೆಳಗೆ, ಮೂಲೆಯಲ್ಲಿ, ಗುಂಡ ಸಿಕ್ಕಿತು. “ಇದ್ಯಾವಾಗ್ ಬಂದ್ ಸೇರ್ಕತಪ್ಪ ಇಲ್ಲಿ” ಎಂದು ಎತ್ತಿಕೊಂಡು ಹೋಗಿ ಟಬ್ಬಿಗೆ ಬಿಟ್ಟಳು. ಅತ್ತೆ ಬಂದು ಹೋದ ದಿನ ಆಮೆಯ ಬಗ್ಗೆ ಯೋಚಿಸಲು ಯಾರಿಗೆ ಪುರಸೊತ್ತು?

ಇಲ್ಲಿಗೆ ಬಿಟ್ಟಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಚಲುವರಾಜುವಿಗೆ ಹೇಳಿಕೊಳ್ಳುವಂಥದ್ದೊಂದು ಸಿಕ್ಕಿತ್ತು. ಉಗುರನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮರುದಿನ ಬೆಳಿಗ್ಗೆ ಟೀ ಅಂಗಡಿಗೆ ಹೋದ.

“ನಿಮ್ ಮನೇಲಿ ಎಡೆ ಆಯ್ತಾ? ಎಷ್ಟ್ ತಿಂದ್ರು?” ಎಂದು ಕೂತವರನ್ನೆಲ್ಲ ಕೇಳಿದ. “ಏನೂ ಇಲ್ವಾ? ಅಗುಳೂ ಮುಟ್ಲಿಲ್ವಾ? ಪಾಪ. ನಮ್ಮವ್ವ ಆರ್ ಪೀಸ್ ತಿಂದ್ಲು.”

ಊರಿಗೆ ಊರೇ ಉರಿದುಹೋಯಿತು. ತಮ್ಮ ಹಿರಿಯರು ಮಾತ್ರ ಏಕೆ ಎಲೆ ಮುಟ್ಟಲಿಲ್ಲ ಎಂದು ಮನೆಮನೆಗಳಲ್ಲಿ ಗಂಡ ಹೆಂಡಿರ ನಡುವೆ ವಿಚಾರಣೆ ನಡೆಯಿತು. ಉಪ್ಪು ಕಡಿಮೆಯಾಯಿತೆಂದು ಗಂಡಂದಿರು, ಕುಡಿದು ಎಡೆ ಇಟ್ಟಿರೆಂದು ಹೆಂಡಿರು.

ಆದರೆ ಬಂದ ತಿಮ್ಮಮ್ಮ ಹೋಗಲಿಲ್ಲ. ಮಧ್ಯಾಹ್ನದ ನಿಶ್ಶಬ್ದದಲ್ಲಿ, ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ಬಚ್ಚಲು ಮನೆಯ ಕಡೆಯಿಂದ ಕಲ್ಲಿಗೆ ಏನನ್ನೋ ತಿಕ್ಕುವ ಶಬ್ದ ಬರುತ್ತಿತ್ತು: ಕರ್ರ್, ಕರ್ರ್. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಗುಂಡ ಹತ್ತಿ ಕೂರಲೆಂದು ಅಂಜು ಟಬ್ಬಿನಲ್ಲಿಟ್ಟಿದ್ದ ಕಲ್ಲು, ಅದರ ಪಕ್ಕ ಗುಂಡ, ಅಷ್ಟೇ. ಒಂದು ದಿನ ಬಚ್ಚಲ ತೂಬಿನ ಹತ್ತಿರ ಚಲುವರಾಜು ಕಂಡದ್ದು ಇನ್ನೂ ಭಯಂಕರವಾಗಿತ್ತು. ನೀರಿನಲ್ಲಿ ಒಂದು ಬಿಳಿಯ ತೆಳು ಚರ್ಮ ತೇಲುತ್ತಿತ್ತು. ಪುಟ್ಟ ಕೈಯೊಂದು ಕೈಗವಸು ಬಿಚ್ಚಿಟ್ಟು ಹೋದ ಹಾಗೆ, ತುದಿಯಲ್ಲಿ ಬೆರಳಿನ ಆಕಾರಗಳು. ಅವನು ಮುಟ್ಟುವ ಮೊದಲೇ ಅದು ತೂಬಿನೊಳಗೆ ಜಾರಿಕೊಂಡಿತು. ಅಂದು ಚಲುವರಾಜು ಸ್ನಾನ ಮಾಡಲಿಲ್ಲ. ಮುಂದಿನ ಮೂರು ದಿನವೂ ಮಾಡಲಿಲ್ಲ.

ಮೂರನೆಯ ದಿನ ಚಿಕ್ಕಬೋರಮ್ಮನ ಕೂಗು ಬೇಲಿ ದಾಟಿ ಬಂತು. ಅವಳ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ಉಗುರು ಬಿದ್ದಿದ್ದವು. ಪುಟ್ಟಲಕ್ಷ್ಮಮ್ಮ ದಿನಾ ಬೆಳಿಗ್ಗೆ ಟಬ್ಬಿನ ಹಳೆಯ ನೀರನ್ನು ಬೇಲಿಯ ಕರಿಬೇವಿನ ಗಿಡಕ್ಕೆ ಎಸೆಯುತ್ತಿದ್ದಳು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಗೊತ್ತಿರುವ ಸಂಗತಿಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡುವ ಅಭ್ಯಾಸ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಚಿಕ್ಕಬೋರಮ್ಮ ಹತ್ತು ನಿಮಿಷ ಬಾಯಿ ಬಡಿದುಕೊಂಡು ಮನೆಯೊಳಗೆ ಹೋದಳು. ಸೆರಗಿನಲ್ಲಿ ಏನನ್ನೋ ಹೊತ್ತು ಏದುಸಿರು ಬಿಡುತ್ತಾ ಬಂದು ಚಲುವರಾಜುವಿನ ಜಗಲಿಯ ಮೇಲೆ ಇಳಿಸಿದಳು. ಹನ್ನೊಂದು ವರ್ಷದ ಹಿಂದೆ ಕಾಣೆಯಾಗಿದ್ದ ತಿಮ್ಮಮ್ಮನ ರುಬ್ಬುವ ಗುಂಡುಕಲ್ಲು.

“ನಾನ್ ಕದೀಲಿಲ್ಲ ಕಣಪ್ಪಾ, ಇಸ್ಕಂಡಿದ್ದೆ. ಕೇಳಕ್ ಮರ್ತಿದ್ದೆ ಅಷ್ಟೆಯಾ. ನಿಮ್ಮವ್ವಂಗೆ ಏಳು, ನನ್ ತಂಟೆಗ್ ಬರ್ಬ್ಯಾಡ ಅನ್ನು.”

“ಏಳ್ತೀನಿ ಬುಡು ಬೋರತ್ತೆ” ಎಂದ ಚಲುವರಾಜು, ಅವ್ವನ ಜೊತೆ ದಿನವೂ ಮಾತುಕತೆಯಿದ್ದವನ ಗತ್ತಿನಲ್ಲಿ.

ಆದರೆ ಚಿಕ್ಕಬೋರಮ್ಮ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವಳಲ್ಲ. ಭಯವೆಲ್ಲ ಇಳಿದ ಮೇಲೆ ಹೊಸಹೊಳಲಿಗೆ ಫೋನು ಮಾಡಿ ಸಿದ್ದಲಿಂಗಮ್ಮನಿಗೆ ಇಡೀ ಕಥೆ ಒಪ್ಪಿಸಿದಳು. ಎಡೆಯ ದಿನ ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನೂ ಸೇರಿಸಿದಳು: ಬಾಗಿಲು ತೆಗೆದಾಗ ಮಟನ್ ಖಾಲಿಯಾಗಿತ್ತು, ಚೊಂಬಿನ ನೀರು ಮಾತ್ರ ಕಂಠದವರೆಗೆ ಇಟ್ಟದ್ದು ಇಟ್ಟ ಹಾಗೇ ಇತ್ತು.

ಅರ್ಧ ಗಂಟೆಯಲ್ಲಿ ಚಲುವರಾಜುವಿನ ಫೋನು ಬಡಿದುಕೊಂಡಿತು. ಒಂದೂವರೆ ವರ್ಷದ ಮೇಲೆ ಅಕ್ಕನ ದನಿ.

“ಅವ್ವ ಬಂದ್ಲಂತಲ್ಲ. ಉಂಡ್ಲಂತಲ್ಲ.”

“ಊ ಕಣಕ್ಕ! ಆರ್ ಪೀಸು...”

“ನೀರ್ ಮುಟ್ಟಿಲ್ವಂತಲ್ಲ.”

ಚಲುವರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ಗೊತ್ತಾಯ್ತೇನ್ಲಾ? ಅವ್ಳ್ಗೆ ನಿನ್ ನೀರ್ ಬ್ಯಾಡ. ಅದ್ನೇ ಏಳಕ್ ಬಂದವ್ಳೆ” ಎಂದಳು ಸಿದ್ದಲಿಂಗಮ್ಮ. “ಮಾಲಯ ಅಮಾಸೆಗೆ ನಾನೇ ಬತ್ತೀನಿ. ಇನ್ನೊಂದ್ ದಪ ಎಡೆ ಇಡು. ನಿನ್ ಕೈಯಾರೆ ಆ ಚೊಂಬ್ಗೆ ನೀರ್ ತುಂಬು. ಅವ್ವ ಮುಟ್ಟುದ್ರೆ ನಾನು ನಿನ್ನಕ್ಕ. ಮುಟ್ನಿಲ್ಲ ಅಂದ್ರೆ ಈ ಜನ್ಮಕ್ ಆ ಒಸ್ಲು ತುಳಿಯಕಿಲ್ಲ.”

ಇದೇ ಯೋಚನೆಯಲ್ಲಿ ಮರುದಿನ ಪಂಚಾಯಿತಿಗೆ ಹೋದವನು ಅಲ್ಲೂ ಒಂದು ಅನಾಹುತ ಮಾಡಿಕೊಂಡ. ಅಂದು ಪಿ.ಡಿ.ಒ. ಸುನಿತಾ ಮೇಡಂ ಊರಿನ ನೀರಿನ ಪರೀಕ್ಷೆ ಇಟ್ಟುಕೊಂಡಿದ್ದರು. ಟ್ಯಾಂಕಿನ ನಲ್ಲಿಗೆ ಚಲುವರಾಜು ಬಗ್ಗಿ ಗಾಜಿನ ಲೋಟ ಹಿಡಿದಾಗ ಜೇಬಿನ ಕಾಗದ ಜಾರಿ, ಬಿಚ್ಚಿಕೊಂಡು, ಉಗುರು ಲೋಟಕ್ಕೆ ಬಿತ್ತು. ಮೇಡಂ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದರು.

“ಏನ್ರೀ ಇದು?”

“ನಮ್ಮವ್ವ, ಮೇಡಂ.”

ಮೇಡಂ ಲೋಟವನ್ನೂ ಅವನನ್ನೂ ಟ್ಯಾಂಕನ್ನೂ ಸರದಿಯಾಗಿ ನೋಡಿದರು. “ನಿಮ್ಮ ತಾಯಿ ಟ್ಯಾಂಕಿನಲ್ಲಿ ಬಿದ್ದಿದ್ದಾರಾ?”

“ಇಲ್ಲ ಮೇಡಂ, ಅವ್ರ್ ತೀರ್ಕಂಡು ಒಂದೂವರೆ ವರ್ಸ ಆಯ್ತು.”

“ಒಂದೂವರೆ ವರ್ಷದಿಂದ ಟ್ಯಾಂಕಿನಲ್ಲಿದ್ದಾರಾ?”

ಈ ಪ್ರಶ್ನೆಯನ್ನು ಮೇಡಂ ಸ್ವಲ್ಪ ಜೋರಾಗಿ ಕೇಳಿದರು. ಕೊಡ ಹಿಡಿದು ನಿಂತಿದ್ದ ಹೆಂಗಸರು ಉತ್ತರಕ್ಕೆ ಕಾಯಲಿಲ್ಲ. ಸಂಜೆಯೊಳಗೆ ಎರಡು ಕೇರಿಯವರೂ ತುಂಬಿದ ಹಂಡೆಗಳನ್ನೆಲ್ಲ ಚರಂಡಿಗೆ ಚೆಲ್ಲಿದ್ದರು. ಟ್ಯಾಂಕ್ ಬಸಿದು ಮೂರು ಸಲ ತೊಳೆಸಿದ್ದಾಯಿತು. ಚಲುವರಾಜುವಿಗೆ ಕಾರಣ ಕೇಳಿ ನೋಟಿಸು ಬಂತು. ಅವನು ಕುಳ್ಳಯ್ಯನ ಸಲಹೆ ಪಡೆದು ಉತ್ತರ ಬರೆದುಕೊಟ್ಟ: “ಮಾನ್ಯರೇ, ಸದರಿ ಉಗುರು ನನ್ನ ತಾಯಿಯವರದಾಗಿದ್ದು, ಸದರಿಯವರು ಮರಣಾನಂತರ ನಮ್ಮ ಮನೆಗೆ ಊಟಕ್ಕೆ ಬಂದ ಸಮಯದಲ್ಲಿ ಬಿಟ್ಟು ಹೋಗಿರುತ್ತಾರೆ. ಇದರಲ್ಲಿ ನನ್ನ ಯಾವುದೇ ಕರ್ತವ್ಯಲೋಪ ಇರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ.” ಮೇಡಂ ಅದನ್ನು ಎರಡು ಸಲ ಓದಿ, ಅಮಾವಾಸ್ಯೆಯ ದಿನ ಸ್ಥಳ ಪರಿಶೀಲನೆಗೆ ಖುದ್ದಾಗಿ ಬರುವುದಾಗಿ ಷರಾ ಬರೆದರು.

ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅಂಜು ರಜಕ್ಕೆಂದು ಬಂದಳು. ಅಪ್ಪ ಏಳು ದಿನದ ಗಡ್ಡ ಬಿಟ್ಟುಕೊಂಡು ಕೂತಿದ್ದ. ಅವನ ಮುಂದೆ ಕ್ಯಾಲೆಂಡರ್ ಹಾಳೆಯ ಮೇಲೆ ಒಂಬತ್ತು ಉಗುರುಗಳು ಸಾಲಾಗಿದ್ದವು, ಕುಂಕುಮ ಹಚ್ಚಿಸಿಕೊಂಡು. ಅಂಜು ಅಪ್ಪನ ಕಥೆಯನ್ನೆಲ್ಲ ಕೇಳಿದಳು. ಆಮೇಲೆ ಬಚ್ಚಲಿಗೆ ಹೋಗಿ ಗುಂಡನನ್ನು ಎತ್ತಿಕೊಂಡು ಬಂದು ಚಾಪೆಯ ಮೇಲಿಟ್ಟಳು. ಅದರ ಚಿಪ್ಪು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಹಳೆಯ ಪದರವೊಂದು ಅರ್ಧ ಎದ್ದು ನಿಂತಿತ್ತು.

“ಅಪ್ಪಾ, ಇದು ಅಜ್ಜಿ ಉಗುರಲ್ಲ. ಗುಂಡ ಬೆಳೀತಾ ಐತೆ. ಬೆಳೆಯೋವಾಗ ಚಿಪ್ಪಿನ ಮ್ಯಾಲಿನ ಹಳೇ ಪದರ ಬಿದ್ದೋಯ್ತದೆ. ಕೈಕಾಲಿನ ಚರ್ಮಾನೂ ಸುಲೀತದೆ. ಅದುಕ್ಕೆ ಕಲ್ಲಿಗೆ ಮೈ ತಿಕ್ಕೋದು.” ಅವಳು ಕುಂಕುಮದ ಉಗುರೊಂದನ್ನು ತೆಗೆದು ಆಮೆಯ ಬೆನ್ನಿನ ಮೇಲಿಟ್ಟಳು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. “ಎಡೆ ದಿನ ಇದು ಮಂಚದ ಕೆಳಗಿತ್ತು ಅಂತ ಅವ್ವ ಫೋನಲ್ಲಿ ಏಳಿತ್ತಲ್ಲ. ಮಟನ್ ಅಂದ್ರೆ ಪ್ರಾಣ ಇದುಕ್ಕೆ.”

ಚಲುವರಾಜು ಆಮೆಯನ್ನು ನೋಡಿದ. ಆಮೆ ಕತ್ತು ಚಾಚಿ ಅವನನ್ನು ನೋಡಿತು.

“ಅಂಗಾರೆ ಅವ್ವ ಬರ್ಲಿಲ್ವಾ?” ಎಂದ. ಅಷ್ಟೇ. ಅವನ ಕಣ್ಣು ತುಂಬಿಕೊಂಡದ್ದು ಕಂಡು ಅಂಜುವಿಗೆ ತಾನು ಓದಿದ್ದೇ ತಪ್ಪಾಯಿತೇನೋ ಎನಿಸಿತು.

ಹನ್ನೊಂದು ಗಂಟೆಗೆ ಕೈಯಲ್ಲೊಂದು ಬ್ಯಾಗು ಹಿಡಿದು ಸಿದ್ದಲಿಂಗಮ್ಮ ಬಂದಳು. ಹೊಸಿಲು ದಾಟಲಿಲ್ಲ, ಜಗಲಿಯ ತುದಿಯಲ್ಲಿ ಕೂತಳು. ಅಷ್ಟರಲ್ಲಿ ಅಂಗಳದ ತುಂಬಾ ಎರಡು ಕೇರಿಯ ಜನ. ಸುನಿತಾ ಮೇಡಂಗೆ ಕುರ್ಚಿ ಹಾಕಿದರು. ಅವರ ತೊಡೆಯ ಮೇಲೆ ಫೈಲು. ಕುಳ್ಳಯ್ಯ ಬೂದಿ ಹರಡಿಸಿದ. ಪುಟ್ಟಲಕ್ಷ್ಮಮ್ಮ ಎಡೆ ಬಡಿಸಿ ಹೊರಗೆ ಬಂದಳು. ನೀರು ತುಂಬಿದ ಚೊಂಬು ಹಿಡಿದು ಚಲುವರಾಜು ಒಬ್ಬನೇ ಒಳಗೆ ಹೋದ. ಹೆಗಲ ಮೇಲಿನ ಟವೆಲಿನ ಗಂಟಿನೊಳಗೆ ಗುಂಡ ಇತ್ತು. ಅಂಜುವಿಗೂ ಅವನು ಹೇಳಿರಲಿಲ್ಲ.

ಅವನ ಯೋಚನೆ ಬಹಳ ಸರಳವಾಗಿತ್ತು. ಆಮೆ ಮಟನ್ ತಿನ್ನುತ್ತದೆ. ನೀರನ್ನು ತಾನೇ ಕಿಟಕಿಯಿಂದ ಚೆಲ್ಲಿಬಿಡುವುದು. ಅಕ್ಕ ಒಳಗೆ ಬರುತ್ತಾಳೆ, ಎಲ್ಲ ಸರಿಹೋಗುತ್ತದೆ. ಆಮೆಯ ಗಂಟನ್ನು ಬಿಚ್ಚದೆಯೇ ಮೊದಲು ನೆಲಕ್ಕಿಟ್ಟ. ಕಿಟಕಿಯ ಚಿಲಕ ತೆಗೆದು ಚೊಂಬನ್ನು ಬಾಗಿಸಿದ. ನೀರು ಅಂಚಿಗೆ ಬಂತು.

ಆಗ ಅವನಿಗೆ ಆ ಮಾಘದ ಮಧ್ಯಾಹ್ನ ಇದೇ ಚೊಂಬು ಉರುಳಿ ಬಿದ್ದಿದ್ದ ಜಾಗ ಕಂಡಿತು. ಅದು ಸರಿಯಾಗಿ ಅವನ ಕಾಲ ಬುಡದಲ್ಲೇ ಇತ್ತು. ಒಂದು ಸಲ ಅವ್ವನ ಪಾಲಿನ ನೀರು ನೆಲದ ಪಾಲಾಗಿತ್ತು. ಎರಡನೇ ಸಲ ಮಗನೇ ಕೈಯಾರೆ ಚೆಲ್ಲುವುದೇ? ಚಲುವರಾಜುವಿನಿಂದ ಆಗಲಿಲ್ಲ. ಚೊಂಬನ್ನು ಹೊಸಿಲ ಬಳಿಯ ಎಲೆಯ ಪಕ್ಕದಲ್ಲಿ ಇಟ್ಟ. “ಕುಡಿಯವ್ವ, ತಪ್ಪಾಯ್ತು” ಎಂದ. ಕಿಟಕಿಯ ಚಿಲಕ ಹಾಕಿ, ತನ್ನ ಹೆಜ್ಜೆ ಬಿದ್ದ ಕಡೆ ಬೂದಿ ಸವರಿ, ಆಮೆಯನ್ನು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಎಳೆದ. ಕುಳ್ಳಯ್ಯ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಟವೆಲು ಬಿಚ್ಚಿ ಚಲುವರಾಜು ಆಮೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. “ಎಲ್ರೂ ಕೇಳ್ರಪ್ಪ. ಆವತ್ ಎಡೆ ತಿಂದಿದ್ದು ಇದು. ಉಗುರೂ ಇದ್ರುದೇ. ನಮ್ಮವ್ವ ಬಂದಿರ್ಲಿಲ್ಲ.”

ಮೇಗಲಕೇರಿ ನಕ್ಕಿತು; ಕೆಳಗಲಕೇರಿ, ಸುಮ್ಮಸುಮ್ಮನೆ ಹಂಡೆಯ ನೀರು ಚೆಲ್ಲಿದ್ದು ನೆನಪಾಗಿ, ಬೈಯಿತು.

“ಆಮೆ ಮೈಲಿಂದ ಉಗುರ್ ಉದುರ್ತದಾ? ಕಲಿಗಾಲ” ಎಂದ ಕುಳ್ಳಯ್ಯ. ಅವನ ನಾಲ್ಕು ಇಲಾಖೆಗಳಿಗೂ ಅದು ಕೆಟ್ಟ ದಿನ.

“ಅಂಗಾರೆ ನನ್ ಗುಂಡ್ಕಲ್ಲು ವಾಪಸ್ ಕೊಡು!” ಎಂದಳು ಚಿಕ್ಕಬೋರಮ್ಮ. “ಎದುರ್ಸಿ ಇಸ್ಕಂಡ್ಬುಟ್ಟೆಯಲ್ಲೋ!”

“ಹಾಗಾದರೆ ಫೈಲಿನಲ್ಲಿ ಆಮೆ ಅಂತ ಬರೆದು ಮುಗಿಸಲಾ?” ಎಂದು ಸುನಿತಾ ಮೇಡಂ ಪೆನ್ನು ತೆಗೆದರು.

ಸಿದ್ದಲಿಂಗಮ್ಮ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಬ್ಯಾಗು ಎತ್ತಿಕೊಂಡು ಎದ್ದಳು. ಅವಳ ಮುಖ ನೋಡಲು ಆಗದೆ ಚಲುವರಾಜು ಆಮೆಯನ್ನು ಅಂಜುವಿನ ತೊಡೆಯ ಮೇಲಿಟ್ಟು ತಲೆ ತಗ್ಗಿಸಿದ.

“ಕೂತ್ಕಳವ್ವ” ಎಂದ ಕುಳ್ಳಯ್ಯ. “ಎಡೆ ಇಟ್ ಮ್ಯಾಲೆ ಬಾಗ್ಲು ತೆಗೀದೆ ಎದ್ದೋಗ್ಬಾರ್ದು. ಆಮೆ ತಪ್ಗೆ ಇರೀಕ್ರು ಏನ್ ಮಾಡಾರು?”

ಕೆಮ್ಮಿದ. ಬಾಗಿಲು ತಟ್ಟಿದ. ತೆಗೆದ.

ಬೂದಿ ಸವರಿದ ಹಾಗೆಯೇ ಇತ್ತು. ಇರುವೆ ಹರಿದ ಗುರುತೂ ಇರಲಿಲ್ಲ. ಎಲೆಯ ಮೇಲೆ ಮಟನ್ ಇತ್ತು, ಮುದ್ದೆ ಇತ್ತು, ಕಜ್ಜಾಯದ ಮೇಲಿನ ಒಂದು ಎಳ್ಳೂ ಕದಲಿರಲಿಲ್ಲ. ಕಿಟಕಿಯ ಚಿಲಕ ಹಾಕಿದಂತೆಯೇ ಇತ್ತು. ಚೊಂಬು ಇಟ್ಟ ಜಾಗದಲ್ಲಿ ನೆಟ್ಟಗೆ ಕೂತಿತ್ತು.

ಹೋಗುವ ಮುಂಚೆ ಅವ್ವನ ಚೊಂಬನ್ನೊಮ್ಮೆ ಮುಟ್ಟೋಣವೆಂದು ಸಿದ್ದಲಿಂಗಮ್ಮ ಹೊಸಿಲಾಚೆಯಿಂದಲೇ ಬಗ್ಗಿ ಕೈ ಚಾಚಿದಳು. ತುಂಬಿದ ಚೊಂಬಿನ ಭಾರಕ್ಕೆ ಸಿದ್ಧವಾಗಿದ್ದ ಕೈ ಸರಕ್ಕನೆ ಮೇಲಕ್ಕೆ ಹಾರಿತು. ಅವಳು ಚೊಂಬಿನೊಳಗೆ ನೋಡಿದಳು. ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

“ನೀರ್ ತುಂಬಿದ್ದೇನ್ಲಾ?”

“ಕಂಠಮಟ್ಟ, ಅಕ್ಕ. ನೀನೇ ನೋಡ್ದಲ್ಲ.”

ಅಂಗಳದ ಜನವೆಲ್ಲ ನೋಡಿದ್ದರು. ಕುಳ್ಳಯ್ಯ ಚೊಂಬು ಇಸಿದುಕೊಂಡು, ಹಂಡೆಯಿಂದ ನೀರು ತುಂಬಿ, ಎತ್ತಿ ಹಿಡಿದು ಕೆಳಗಿನಿಂದ ನೋಡಿದ. ಎಲ್ಲೂ ತೂತಿಲ್ಲ, ಎಲ್ಲೂ ಸೋರಲಿಲ್ಲ. ಚೊಂಬು ವಾಲಿ ನೀರು ಅವನ ಮುಖದ ಮೇಲೇ ಚೆಲ್ಲಿತು. ಒರೆಸಿಕೊಳ್ಳುವುದನ್ನೂ ಮರೆತು, “ಆಮೆ ಎಲ್ಲಿತ್ಲಾ?” ಎಂದು ಕೇಳಿದ.

“ನನ್ ತೊಡೆ ಮ್ಯಾಲೆ” ಎಂದಳು ಅಂಜು.

“ಗುಂಡ್ಕಲ್ಲು ಅಲ್ಲೇ ಇರ್ಲಿ ಬುಡಪ್ಪ, ನಂಗೇನ್ ಅವಸ್ರ” ಎಂದು ಚಿಕ್ಕಬೋರಮ್ಮ ಹಿಂದಕ್ಕೆ ಸರಿದಳು. ಸುನಿತಾ ಮೇಡಂ ಫೈಲಿನಲ್ಲಿ “ಉಗುರು: ಆಮೆಯದು” ಎಂದು ಬರೆದರು. ಅದರ ಕೆಳಗೆ “ನೀರು:” ಎಂದು ಬರೆದು, ಪೆನ್ನನ್ನು ಹಾಗೇ ಹಿಡಿದು ಕೂತರು. ಆ ಜಾಗ ಇಂದಿಗೂ ಖಾಲಿ ಇದೆ.

ಸಿದ್ದಲಿಂಗಮ್ಮ ಕುಳ್ಳಯ್ಯನ ಕೈಯಿಂದ ಚೊಂಬನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಹೊಸಿಲು ದಾಟಿ ಒಳಗೆ ಬಂದು, ಅವ್ವ ಕೂರುತ್ತಿದ್ದ ಗೋಡೆಯ ಪಕ್ಕ ಕೂತು, ಚೊಂಬನ್ನು ತಮ್ಮನ ಕೈಗೆ ಕೊಟ್ಟಳು.

“ಓಗ್ಲಾ ಚಲುವ, ಇನ್ನೊಂದ್ ಚೊಂಬು ತತ್ತಾ. ಒಂದೂವರೆ ವರ್ಸದ್ ಬಾಯಾರ್ಕೆ, ಒಂದ್ರಲ್ಲಿ ತೀರಾದಾ?”

ಚಲುವರಾಜು ಓಡಿದ. ತಂದ, ಇಟ್ಟ, ಅಕ್ಕನನ್ನು ಎಬ್ಬಿಸಿಕೊಂಡು ಬಂದು, ಬಾಗಿಲು ಎಳೆದು ಅವಳ ಜೊತೆ ಜಗಲಿಯ ಮೇಲೆ ಕೂತ. ಆ ದಿನ ಮೇಗಲಕೇರಿಗೂ ನೀರು ಬರಲಿಲ್ಲ, ಕೆಳಗಲಕೇರಿಗೂ ಬರಲಿಲ್ಲ. ಕೊಡ ಹಿಡಿದು ಕೇಳಲು ಯಾರೂ ಬರಲಿಲ್ಲ.